16 ವರ್ಷದ ಲಗವೂಲಿನ್: ಹೊಗೆಯನ್ನು ದಾಟಿ ರುಚಿ ಹಿಡಿಯುವ ಕ್ರಮ

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದ ದಕ್ಷಿಣ ಅಂಚಿನಲ್ಲಿ, ಪೋರ್ಟ್ ಎಲೆನ್ ಊರಿನಿಂದ ಪೂರ್ವಕ್ಕೆ ಹೋಗುವ ಒಂದೇ ರಸ್ತೆಯ ಮೇಲೆ, ಲಫ್ರೋಯಿಗ್, ಲಗವೂಲಿನ್ ಮತ್ತು ಆರ್ಡ್‌ಬೆಗ್ ಎಂಬ ಮೂರು ಡಿಸ್ಟಿಲರಿಗಳು ಕಡಲಿಗೆ ಮುಖ ಮಾಡಿ ನಿಂತಿವೆ. ಮೂರೂ ಹೊಗೆಯ ವಿಸ್ಕಿಗೆ ಹೆಸರಾದವು. ಇವುಗಳಲ್ಲಿ ನಡುವಿನದಾದ, 1816ರಲ್ಲಿ ಆರಂಭವಾದ ಲಗವೂಲಿನ್‌ನ 16 ವರ್ಷದ ಸಿಂಗಲ್ ಮಾಲ್ಟ್ ಅನ್ನು ಈ ಲೇಖನಕ್ಕೆ ಆರಿಸಿಕೊಳ್ಳಲು ಕಾರಣ ಸರಳವಾಗಿದೆ: ಹೊಗೆ ಮತ್ತು ವಯಸ್ಸು ಎರಡೂ ಸಮಬಲದಲ್ಲಿ ನಿಲ್ಲುವ ವಿಸ್ಕಿಗಳಲ್ಲಿ ಇದು ಹುಡುಕಿದರೆ ಕೈಗೆ ಸಿಗುವಂಥದ್ದು. ಮೊದಲ ಸಲ ಇದನ್ನು ಮೂಸಿದವರಲ್ಲಿ ಕೆಲವರು ಆಸ್ಪತ್ರೆಯ ವಾಸನೆ ಎಂದು ಗ್ಲಾಸನ್ನು ದೂರ ಸರಿಸುತ್ತಾರೆ, ಇನ್ನು ಕೆಲವರು ಹೊಗೆಯೊಂದನ್ನೇ ಹೊಗಳಿ ಎರಡು ಗುಟುಕಿಗೆ ಮುಗಿಸುತ್ತಾರೆ. ಇಬ್ಬರೂ ತಪ್ಪಿಸಿಕೊಳ್ಳುವುದು ಒಂದನ್ನೇ. ಹಳೆಯ ಹೊಗೆ ವಿಸ್ಕಿಯಲ್ಲಿ ಹೊಗೆ ಕೇವಲ ಹೊರಬಾಗಿಲು. ಹದಿನಾರು ವರ್ಷ ಕಾದದ್ದರ ಫಲ ಅದರ ಹಿಂದಿದೆ, ಮತ್ತು ಅದು ತಾಳ್ಮೆಯಿಂದ ಕಾಯುವವರಿಗೆ ಮಾತ್ರ ಸಿಗುತ್ತದೆ.

ಮೊದಲು ಬಾಟಲಿಯ ಚೀಟಿಯನ್ನು ಓದಿ

ಚೀಟಿಯ ಮೇಲಿನ ‘16’ ಎಂಬುದು ಬಾಟಲಿಯೊಳಗಿನ ವಿಸ್ಕಿಗಳಲ್ಲಿ ಅತ್ಯಂತ ಎಳೆಯದರ ವಯಸ್ಸು. ಸಿಂಗಲ್ ಮಾಲ್ಟ್ ಎಂದರೆ ಒಂದೇ ಪೀಪಾಯಿಯದ್ದು ಎಂದು ತಿಳಿದವರಿದ್ದಾರೆ, ಹಾಗಲ್ಲ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದೊಂದರಿಂದಲೇ, ಒಂದೇ ಡಿಸ್ಟಿಲರಿಯಲ್ಲಿ, ತಾಮ್ರದ ಪಾಟ್ ಸ್ಟಿಲ್ ಎಂಬ ಬಟ್ಟಿ ಪಾತ್ರೆಗಳಲ್ಲಿ ಬಟ್ಟಿ ಇಳಿಸಿ, ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಸ್ಕಾಟ್ಲೆಂಡಿನಲ್ಲೇ ಮಾಗಿಸಿದ, ಕನಿಷ್ಠ ಶೇ 40ರಷ್ಟು ಮದ್ಯಸಾರವಿರುವ ವಿಸ್ಕಿಗೆ ಮಾತ್ರ ಸಿಂಗಲ್ ಮಾಲ್ಟ್ ಸ್ಕಾಚ್ ಎಂಬ ಹೆಸರು ಸಲ್ಲುತ್ತದೆ. ಅದೇ ಡಿಸ್ಟಿಲರಿಯ ಅನೇಕ ಪೀಪಾಯಿಗಳನ್ನು ಬೆರೆಸಿ ಬಾಟಲಿ ತುಂಬುವುದು ವಾಡಿಕೆ. ಗಾಜಿನೊಳಗೆ ಸೇರಿದ ಮೇಲೆ ವಯಸ್ಸು ನಿಂತುಹೋಗುತ್ತದೆ. ಬೀರುವಿನಲ್ಲಿ ಹತ್ತು ವರ್ಷ ಜೋಪಾನ ಮಾಡಿದ 16ರ ಬಾಟಲಿ 26 ಆಗುವುದಿಲ್ಲ. ಮದುವೆ ಮನೆಗಳಲ್ಲಿ ಈ ವಿಷಯಕ್ಕೆ ನಡೆಯುವ ವಾದಗಳಿಗೆ ಇಷ್ಟು ಉತ್ತರ ಸಾಕು.

ಎರಡನೆಯದಾಗಿ ಮದ್ಯಸಾರದ ಪ್ರಮಾಣವನ್ನು ನೋಡಿ. ಲಗವೂಲಿನ್ 16ರಲ್ಲಿ ಅದು ಶೇ 43. ನಮ್ಮ ದೇಶದ ಬಾಟಲಿಗಳಲ್ಲಿ ಸಾಮಾನ್ಯವಾಗಿ ಕಾಣುವ 42.8 ಎಂಬ ಅಂಕಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ, ಆ 42.8 ಮದ್ಯದ ಬಲವನ್ನು ಪ್ರೂಫ್‌ನಲ್ಲಿ ಹೇಳುತ್ತಿದ್ದ ಹಳೆಯ ಬ್ರಿಟಿಷ್ ಅಳತೆಯ 75 ಪ್ರೂಫ್‌ನಿಂದ ಉಳಿದುಬಂದ ಲೆಕ್ಕ. ಈ ಅಂಕಿಯನ್ನು ನೆನಪಿನಲ್ಲಿಡಿ, ನೀರು ಬೆರೆಸುವಾಗ ಬೇಕಾಗುತ್ತದೆ.

ಬಣ್ಣವನ್ನು ನೋಡಿ ಏನನ್ನೂ ತೀರ್ಮಾನಿಸಬೇಡಿ. ಸ್ಕಾಚ್‌ಗೆ ಸಾದಾ ಕ್ಯಾರಮೆಲ್ ಬಣ್ಣವನ್ನು ಸೇರಿಸಲು ಕಾನೂನಿನ ಅನುಮತಿಯಿದೆ, ಆದ್ದರಿಂದ ಗಾಢ ಬಣ್ಣ ವಯಸ್ಸಿನ ಸಾಕ್ಷಿಯಲ್ಲ. ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಗೆರೆಗಳೂ ಮುಖ್ಯವಾಗಿ ಮದ್ಯಸಾರದ ಪ್ರಮಾಣವನ್ನು ಹೇಳುತ್ತವೆಯೇ ಹೊರತು ಗುಣಮಟ್ಟವನ್ನಲ್ಲ.

ಹೊಗೆ ಎಲ್ಲಿಂದ ಬರುತ್ತದೆ

ರುಚಿ ನೋಡುವ ಮೊದಲು ಇದನ್ನು ತಿಳಿದಿರುವುದು ಉಪಯುಕ್ತ, ಏಕೆಂದರೆ ಮೂಗು ಹುಡುಕಬೇಕಾದ್ದು ಏನೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೊಗೆ ಪೀಪಾಯಿಯಿಂದ ಬರುವುದಿಲ್ಲ, ನೀರಿನಿಂದಲೂ ಅಲ್ಲವೆಂದೇ ಹೇಳಬಹುದು. ಜೌಗು ನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳು ಸಾವಿರಾರು ವರ್ಷ ಅರೆಕೊಳೆತು ಪದರುಗಟ್ಟಿದ ಪೀಟ್ ಎಂಬ ಮಣ್ಣನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸುತ್ತಾರೆ. ಮೊಳಕೆಯೊಡೆದ ಹಸಿ ಬಾರ್ಲಿಯನ್ನು ಒಣಗಿಸುವಾಗ ಕೆಳಗೆ ಈ ಪೀಟ್ ಉರಿಸಿದರೆ ಅದರ ಹೊಗೆ ಕಾಳಿನ ತೇವದ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಹೊಗೆಯಲ್ಲಿರುವ ಫೀನಾಲ್‌ಗಳೆಂಬ ಸಂಯುಕ್ತಗಳನ್ನು ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಲಗವೂಲಿನ್ ಬಳಸುವ ಬಾರ್ಲಿ ಪೋರ್ಟ್ ಎಲೆನ್‌ನ ಮಾಲ್ಟಿಂಗ್ ಘಟಕದಿಂದ ಸುಮಾರು 35 ಪಿಪಿಎಂ ಹೊಗೆ ಹಿಡಿದು ಬರುತ್ತದೆ. ಆರ್ಡ್‌ಬೆಗ್‌ನಲ್ಲಿ ಇದು 55ರ ಆಸುಪಾಸು, ದ್ವೀಪದ ಇನ್ನೊಂದು ಡಿಸ್ಟಿಲರಿ ಬೋಮೋರ್‌ನಲ್ಲಿ 25ರ ಆಸುಪಾಸು. ಅದೇ ದ್ವೀಪದ ಬ್ರುಯಿಕ್‌ಲಾಡಿಯವರ ಆಕ್ಟೊಮೋರ್ ವಿಸ್ಕಿಯಲ್ಲಿ ಸಾಮಾನ್ಯವಾಗಿ 100ನ್ನೂ ಮೀರುತ್ತದೆ.

ಆದರೆ ಈ ಅಂಕಿಗಳು ಬಾರ್ಲಿಯದ್ದು, ಬಾಟಲಿಯದ್ದಲ್ಲ. ಬಟ್ಟಿ ಇಳಿಸುವಾಗ ಫೀನಾಲ್‌ಗಳ ದೊಡ್ಡ ಪಾಲು ಹೊರಗೇ ಉಳಿಯುತ್ತದೆ. ಅವು ಭಾರವಾದವುಗಳಾದ್ದರಿಂದ ಬಟ್ಟಿಯ ಕೊನೆಕೊನೆಯ ಹೊತ್ತಿಗೆ ಇಳಿಯುತ್ತವೆ. ಎಲ್ಲಿಗೆ ನಿಲ್ಲಿಸಬೇಕೆಂದು ಬಟ್ಟಿಗಾರ ಮಾಡುವ ನಿರ್ಧಾರ ಹೊಗೆಯ ಬಗೆಯನ್ನೇ ಬದಲಿಸುತ್ತದೆ. ಮುಂದೆ ಪೀಪಾಯಿಯಲ್ಲಿ ವರ್ಷ ಕಳೆದಂತೆ ಹೊಗೆ ಇನ್ನಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಪಿಪಿಎಂ ಹಿಡಿದು ಬಾಟಲಿ ಕೊಳ್ಳುವವರನ್ನು ಕಂಡರೆ, ಮೆಣಸಿನಕಾಯಿಯ ಸಂಖ್ಯೆಯನ್ನು ಎಣಿಸಿ ಸಾರಿನ ರುಚಿ ಹೇಳುವವರ ನೆನಪಾಗುತ್ತದೆ.

ಜಾಗ, ಹೊತ್ತು, ಗ್ಲಾಸ್

ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಮೂಗಿಗೆ ಬಿಡುವಿರುವುದಿಲ್ಲ. ದೇವರ ಮುಂದೆ ಅಗರಬತ್ತಿ ಉರಿಯುತ್ತಿರುತ್ತದೆ, ಅಡುಗೆಮನೆಯಿಂದ ಇಂಗಿನ ಒಗ್ಗರಣೆ ಬರುತ್ತದೆ, ಯಾರೋ ಮೊಣಕಾಲಿಗೆ ನೋವಿನ ಮುಲಾಮು ಹಚ್ಚಿಕೊಂಡಿರುತ್ತಾರೆ. ಇವುಗಳ ನಡುವೆ ಹೊಗೆಯ ವಿಸ್ಕಿಯನ್ನು ಮೂಸುವುದು ವ್ಯರ್ಥ, ಏಕೆಂದರೆ ಸಾಂಬ್ರಾಣಿ, ಮುಲಾಮುಗಳ ವಾಸನೆಗಳು ಈ ವಿಸ್ಕಿಯ ವಾಸನೆಗೆ ಹತ್ತಿರದ ನೆಂಟರು. ಯಾವುದು ಗ್ಲಾಸಿನದು, ಯಾವುದು ಕೋಣೆಯದು ಎಂಬುದು ತಿಳಿಯದೆ ಹೋಗುತ್ತದೆ. ಮಧ್ಯಾಹ್ನದ ಊಟದ ಖಾರ ಇಳಿದು ರಾತ್ರಿಯ ಊಟ ಇನ್ನೂ ದೂರವಿರುವಾಗ, ಬೇರೆ ವಾಸನೆಯಿಲ್ಲದ ಕೋಣೆಯಲ್ಲಿ ಕುಳಿತುಕೊಳ್ಳಿ. ಅದಕ್ಕೆ ಮೊದಲಿನ ಒಂದು ಗಂಟೆ ಕಾಫಿ, ಎಲೆಯಡಿಕೆ, ಸಿಗರೇಟು ಬೇಡ. ಅತ್ತರು ಹಚ್ಚಿಕೊಂಡಿದ್ದರೆ ಆ ದಿನ ಬಿಟ್ಟುಬಿಡುವುದೇ ಮೇಲು.

ಉಷ್ಣತೆಯ ಬಗ್ಗೆಯೂ ಒಂದು ಮಾತು. ವಿಸ್ಕಿ 18ರಿಂದ 20 ಡಿಗ್ರಿ ಸೆಲ್ಸಿಯಸ್ ಹತ್ತಿರವಿದ್ದರೆ ಒಳ್ಳೆಯದು. ಬೆಂಗಳೂರಿನ ಡಿಸೆಂಬರಿನಲ್ಲಿ ಇದಕ್ಕಾಗಿ ಏನೂ ಮಾಡಬೇಕಾಗಿಲ್ಲ. ಕಲಬುರಗಿಯ ಏಪ್ರಿಲ್‌ನಲ್ಲಿ ಮದ್ಯಸಾರ ಬೇಗನೆ ಆವಿಯಾಗಿ ಮೂಗನ್ನು ಚುಚ್ಚುತ್ತದೆ. ಅಂಥಲ್ಲಿ ಬಾಟಲಿಯನ್ನು ಸ್ವಲ್ಪ ಹೊತ್ತು ತಣ್ಣೀರಿನ ಪಾತ್ರೆಯಲ್ಲಿ ಇಟ್ಟು ತೆಗೆಯಬಹುದು. ಫ್ರಿಜ್ ಬೇಡ, ಐಸ್ ಅಂತೂ ಬೇಡವೇ ಬೇಡ: ತಂಪಾದಷ್ಟೂ ಪರಿಮಳ ಮೇಲೇಳುವುದು ಕಡಿಮೆ.

ಬಾಯಿ ಕಿರಿದಾಗಿ ಹೊಟ್ಟೆ ಉಬ್ಬಿದ ಟುಲಿಪ್ ಆಕಾರದ ಗ್ಲಾಸ್ ಬೇಕು. 2001ರಲ್ಲಿ ಮಾರುಕಟ್ಟೆಗೆ ಬಂದ ಗ್ಲೆನ್‌ಕೇರ್ನ್ ಗ್ಲಾಸ್ ಇದಕ್ಕೆಂದೇ ರೂಪಿಸಿದ್ದು. ಇಲ್ಲದಿದ್ದರೆ ಚಿಕ್ಕ ವೈನ್ ಗ್ಲಾಸ್ ಸಾಕು. ಅಗಲ ಬಾಯಿಯ ಟಂಬ್ಲರ್‌ನಲ್ಲಿ ಪರಿಮಳ ಒಂದೆಡೆ ನಿಲ್ಲುವುದಿಲ್ಲ. ಬಹಳ ದಿನ ಕಪಾಟಿನಲ್ಲಿದ್ದ ಗ್ಲಾಸಿಗೆ ರಟ್ಟಿನ ಅಥವಾ ಪಾಲಿಶ್‌ನ ವಾಸನೆ ಹಿಡಿದಿರುತ್ತದೆ, ಆದ್ದರಿಂದ ಖಾಲಿ ಗ್ಲಾಸನ್ನೇ ಮೊದಲು ಮೂಸಿ, ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಲು ಬಿಡಿ.

ಸುರಿದು ಕಾಯುವುದು

30 ಮಿಲಿಲೀಟರ್, ಅಂದರೆ ಒಂದು ಸ್ಮಾಲ್, ಸಾಕು. ಸುರಿದ ಮೇಲೆ ಗ್ಲಾಸಿನ ಬಾಯಿಗೆ ಚಿಕ್ಕ ತಟ್ಟೆಯೊಂದನ್ನು ಮುಚ್ಚಿ ಇಡಿ. ಪೀಪಾಯಿಯಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ನಿಮಿಷ ಕಾಯಬೇಕೆಂಬ ಮಾತು ವಿಸ್ಕಿ ಪ್ರಿಯರಲ್ಲಿ ರೂಢಿಯಲ್ಲಿದೆ. ಇದನ್ನು ಶಾಸ್ತ್ರವೆಂದು ನಂಬಬೇಕಾಗಿಲ್ಲ, ಆದರೆ ಈ ಬಾಟಲಿಯ ಮಟ್ಟಿಗೆ ಹದಿನಾರು ನಿಮಿಷ ಅತಿಯಾಗುವುದಿಲ್ಲ. ಮೊದಲು ಏಳುವ ಮದ್ಯಸಾರದ ಚುಚ್ಚು ಅಷ್ಟರಲ್ಲಿ ತಣ್ಣಗಾಗಿರುತ್ತದೆ.

ಮೂಸುವುದು: ಅರ್ಧಕ್ಕಿಂತ ಹೆಚ್ಚು ಕೆಲಸ ಇಲ್ಲಿದೆ

ತಟ್ಟೆ ತೆಗೆದ ಕೂಡಲೇ ಮೂಗನ್ನು ಗ್ಲಾಸಿನೊಳಗೆ ತೂರಿಸಬೇಡಿ. ಮೊದಲು ಗ್ಲಾಸನ್ನು ಎದೆಯ ಮಟ್ಟದಲ್ಲಿ ಹಿಡಿದು ಸಹಜವಾಗಿ ಉಸಿರಾಡಿ. ಲಗವೂಲಿನ್‌ನಂಥ ವಿಸ್ಕಿಯ ಹೊಗೆ ಅಷ್ಟು ದೂರದಿಂದಲೇ ತಲುಪುತ್ತದೆ. ಆಮೇಲೆ ಗಲ್ಲದ ಹತ್ತಿರ, ಕೊನೆಗೆ ಮೂಗಿನ ಕೆಳಗೆ ತನ್ನಿ; ಬಾಯಿಯನ್ನು ತುಸು ತೆರೆದಿಟ್ಟು, ಮೂಗು ಬಾಯಿ ಎರಡರಿಂದಲೂ ಮೆಲ್ಲನೆ ಉಸಿರೆಳೆಯಿರಿ. ಬಾಯಿ ತೆರೆದಿದ್ದರೆ ಮದ್ಯಸಾರದ ಉರಿ ಕಡಿಮೆಯಾಗುತ್ತದೆ. ವೈನ್‌ನಂತೆ ಗ್ಲಾಸನ್ನು ಗರಗರ ತಿರುಗಿಸುವುದರಿಂದ ಏಳುವುದು ಮದ್ಯಸಾರವೇ, ಆದ್ದರಿಂದ ಅದೂ ಬೇಡ.

ಮೊದಲ ಸುತ್ತಿನಲ್ಲಿ ಹೊಗೆ ಬಿಟ್ಟು ಬೇರೇನೂ ಸಿಗದಿದ್ದರೆ ಅದು ಸಹಜ. ಆಗ ಹೊಗೆಯನ್ನೇ ಬಿಡಿಸಿ ನೋಡಿ. ಗ್ವಾಯಕಾಲ್ ಎಂಬ ಸಂಯುಕ್ತ ಕಟ್ಟಿಗೆಯ ಹೊಗೆಯಂತೆ ವಾಸನೆ ಕೊಡುತ್ತದೆ. ಕ್ರೆಸಾಲ್‌ಗಳು ಟಾರು, ಕಲ್ಲಿದ್ದಲು, ಔಷಧದ ಕಡೆಗೆ ವಾಲುತ್ತವೆ. ಫೀನಾಲ್ ಆಸ್ಪತ್ರೆಯ ನೆಲ ಒರೆಸುವ ದ್ರಾವಣವನ್ನು ಹೋಲುತ್ತದೆ. ಲಫ್ರೋಯಿಗ್‌ನಲ್ಲಿ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್‌ನ ಘಾಟು ಮುಂದೆ ನಿಲ್ಲುತ್ತದೆ. ಲಗವೂಲಿನ್‌ನಲ್ಲಿ ಕಟ್ಟಿಗೆಯ ಹೊಗೆ ಮತ್ತು ಹೊಗೆ ಹಾಕಿದ ಚೀನೀ ಕಪ್ಪು ಚಹಾದ ಘಮ ಹೆಚ್ಚು, ಔಷಧ ಅದರ ಹಿಂದೆ.

ವಾಸನೆಗೆ ಹೆಸರು ಕೊಡುವಾಗ ಇಂಗ್ಲಿಷ್ ಪುಸ್ತಕಗಳ ಪಟ್ಟಿಯನ್ನು ಒಪ್ಪಿಸಬೇಡಿ. ಸ್ಕಾಟ್ಲೆಂಡಿನ ಹೆದರ್ ಹೂವನ್ನಾಗಲಿ, ಹೊಗೆಯಾಡಿಸಿದ ಅಲ್ಲಿನ ಹೆರಿಂಗ್ ಮೀನನ್ನಾಗಲಿ ಎಂದೂ ಮೂಸದವರು ಆ ಹೆಸರುಗಳನ್ನು ಬರೆದುಕೊಂಡರೆ ಮುಂದಿನ ಸಲ ಅದರಿಂದ ಏನೂ ನೆನಪಾಗದು. ಬಚ್ಚಲ ಒಲೆಯಲ್ಲಿ ಉರಿದ ತೆಂಗಿನ ಚಿಪ್ಪು, ಮಲೆನಾಡಿನ ಅಟ್ಟದಲ್ಲಿ ಹೊಗೆ ಹಿಡಿದು ಕಪ್ಪಾದ ತೊಲೆ, ಮಲ್ಪೆಯ ದಂಡೆಯಲ್ಲಿ ಒಣಗಲು ಹರಡಿದ ಮೀನು, ಇವುಗಳಲ್ಲಿ ನಿಮಗೆ ಗೊತ್ತಿರುವುದು ಯಾವುದೋ ಅದನ್ನು ಬರೆಯಿರಿ. ಪುಟದಲ್ಲಿ ಒಂದು ಸಾಲಿದ್ದರೂ ಅದು ನಿಮ್ಮ ಮೂಗಿನದ್ದಾಗಿರಲಿ.

ಈಗ ಈ ಇಡೀ ಕ್ರಮದ ಮುಖ್ಯ ಹಂತ. ಮೂಗು ಒಂದೇ ವಾಸನೆಗೆ ಬಹಳ ಹೊತ್ತು ಒಡ್ಡಿಕೊಂಡರೆ ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಬೇರೆ ವಿಸ್ಕಿಗಳಿಗೆ ಇದು ತೊಡಕು. ಹೊಗೆಯ ವಿಸ್ಕಿಗೆ ಇದೇ ಉಪಾಯ. ಎರಡು ಮೂರು ನಿಮಿಷ ಬಿಟ್ಟು ಬಿಟ್ಟು ಮೂಸುತ್ತಾ ಹೋದರೆ ಹೊಗೆ ತಾನಾಗಿ ಹಿಂದೆ ಸರಿಯುತ್ತದೆ, ಮತ್ತು ಅದುವರೆಗೆ ಮುಚ್ಚಿಹೋಗಿದ್ದದ್ದು ಮೇಲೆ ಬರುತ್ತದೆ: ಒಣದ್ರಾಕ್ಷಿ, ಅಂಜೂರ, ಕಿತ್ತಳೆ ಸಿಪ್ಪೆ, ವೆನಿಲಾ, ಹಳೆಯ ಚರ್ಮದ ಚೀಲ. ವೆನಿಲಾ ಬರುವುದು ಓಕ್ ಮರದ ಲಿಗ್ನಿನ್ ಒಡೆದು ಹುಟ್ಟುವ ವೆನಿಲಿನ್‌ನಿಂದ. ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದ ಪೀಪಾಯಿಗಳಲ್ಲಿ ಇದು ಎದ್ದು ಕಾಣುತ್ತದೆ. ಒಣಹಣ್ಣಿನ ಎಳೆ ಸ್ಪೇನಿನ ಶೆರಿ ವೈನ್ ತುಂಬಿದ್ದ ಪೀಪಾಯಿಗಳ ಕೊಡುಗೆ. ಮೂಗು ಪೂರ್ತಿ ದಣಿದರೆ ನಿಮ್ಮದೇ ಮೊಣಕೈ ಮಡಿಕೆಯನ್ನೋ ಅಂಗಿಯ ತೋಳನ್ನೋ ಮೂಸಿ ಮರಳಿ ಬನ್ನಿ. ಕಾಫಿ ಬೀಜ ಮೂಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ, ಅದು ಇನ್ನೊಂದು ಹುರಿದ ವಾಸನೆಯನ್ನು ತಂದು ಗುಡ್ಡೆ ಹಾಕುತ್ತದೆಯಷ್ಟೆ.

ಬಾಯಿಗೆ

ಮೊದಲ ಗುಟುಕು ನಾಲಿಗೆಯನ್ನು ಸಿದ್ಧಪಡಿಸಲಿಕ್ಕೆ ಮಾತ್ರ. ತೀರಾ ಚಿಕ್ಕದಾಗಿರಲಿ, ಅದರಿಂದ ಏನನ್ನೂ ತೀರ್ಮಾನಿಸಬೇಡಿ. ಅರ್ಧ ನಿಮಿಷ ಬಿಟ್ಟು ಅರ್ಧ ಟೀ ಚಮಚದಷ್ಟು ತೆಗೆದುಕೊಂಡು, ನಾಲಿಗೆಯ ಮೇಲೆ, ಅಡಿಯಲ್ಲಿ, ಒಸಡುಗಳ ಸುತ್ತ ಹತ್ತು ಹದಿನೈದು ಸೆಕೆಂಡು ಆಡಿಸಿ. ರುಚಿಗಳು ಬರುವ ಸರದಿಯನ್ನು ಗಮನಿಸುವುದು ಹೆಸರು ಹುಡುಕುವುದಕ್ಕಿಂತ ಮುಖ್ಯ. ಲಗವೂಲಿನ್ 16ರಲ್ಲಿ ಮೊದಲು ಎಣ್ಣೆಯಂಥ ನುಣುಪು ಮತ್ತು ಮಾಲ್ಟ್‌ನ ಸಿಹಿ ಬರುತ್ತವೆ; ಆಮೇಲೆ ಉಪ್ಪನ್ನು ಹೋಲುವ ಒಂದು ಚುರುಕು; ಹೊಗೆ ಮೂರನೆಯದಾಗಿ ಬಂದು ಉಳಿದೆಲ್ಲವನ್ನೂ ಆವರಿಸುತ್ತದೆ; ಕೊನೆಗೆ ಓಕ್‌ನ ಒಗರು ಮತ್ತು ಬೂದಿಯಂಥ ಒಣತನ. ನುಂಗಿದ ತಕ್ಷಣ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ. ಗಂಟಲ ಹಿಂದಿನಿಂದ ಮೂಗಿಗೆ ಏರುವ ಆ ಉಸಿರಿನಲ್ಲಿ, ಗ್ಲಾಸನ್ನು ಮೂಸುವಾಗ ಸಿಗದ ಎಳೆಗಳು ಸಿಗುತ್ತವೆ. ಹೊಗೆ ಎಷ್ಟು ಹೊತ್ತು ಉಳಿಯಿತು ಎಂಬುದಕ್ಕಿಂತ, ಉಳಿದಿರುವಾಗ ಅದು ಬದಲಾಯಿತೇ ಎಂಬುದನ್ನು ನೋಡಿ. ಎಳೆಯ ವಿಸ್ಕಿಯ ಹೊಗೆ ಬಂದ ಬಣ್ಣದಲ್ಲೇ ಮಾಸುತ್ತದೆ. ಮಾಗಿದ್ದು ಸಿಹಿಗೂ ಬೂದಿಗೂ ನಡುವೆ ಓಲಾಡುತ್ತಾ ಹೋಗುತ್ತದೆ.

ನೀರು: ಹನಿಯ ಲೆಕ್ಕದಲ್ಲಿ

ನೀರು ಬೆರೆಸುವುದು ಅಪಚಾರವೆಂದು ಬಗೆಯುವವರು, ವಿಸ್ಕಿಗಳನ್ನು ಬೆರೆಸುವ ವೃತ್ತಿಯವರು ಅದನ್ನು ಮದ್ಯಸಾರ ಶೇ 20ಕ್ಕೆ ಇಳಿಯುವವರೆಗೆ ತೆಳುಗೊಳಿಸಿ ಮೂಸುತ್ತಾರೆ ಎಂಬುದನ್ನು ತಿಳಿದರೆ ಒಳ್ಳೆಯದು. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಮಾದರಿಯ ಅಧ್ಯಯನದ ಪ್ರಕಾರ, ಮದ್ಯಸಾರ ಶೇ 45ರ ವರೆಗಿರುವ ಮಿಶ್ರಣದಲ್ಲಿ ಗ್ವಾಯಕಾಲ್ ಕಣಗಳು ದ್ರವದ ಮೇಲ್ಮೈಯತ್ತ ಸೇರುತ್ತವೆ. ಮದ್ಯಸಾರ ಅದಕ್ಕಿಂತ ಬಹಳ ಹೆಚ್ಚಾದಾಗ ಅವು ದ್ರವದೊಳಗೆ ಉಳಿದುಬಿಡುತ್ತವೆ. ಎಂದರೆ ನೀರು ಬೆರೆಸಿದಾಗ ಹೊಗೆ ಕುಗ್ಗಬೇಕೆಂದಿಲ್ಲ. ಮದ್ಯಸಾರದ ಉರಿ ತಗ್ಗಿ ಹೊಗೆಯೇ ಮೊದಲು ಮೇಲೇಳಬಹುದು, ಅದರ ಬೆನ್ನಿಗೆ ಹಣ್ಣು ತೆರೆದುಕೊಳ್ಳಬಹುದು.

ಔಷಧದ ಡ್ರಾಪರ್ ಒಂದನ್ನು ಇದಕ್ಕೆಂದೇ ತೆಗೆದಿಡಿ; ಸುಮಾರು 20 ಹನಿಗಳು ಒಂದು ಮಿಲಿಲೀಟರ್. ಶೇ 43ರ 30 ಮಿಲಿಗೆ 2 ಮಿಲಿಗಿಂತ ತುಸು ಹೆಚ್ಚು ನೀರು ಸೇರಿಸಿದರೆ ಮದ್ಯಸಾರ ಶೇ 40ಕ್ಕೆ ಇಳಿಯುತ್ತದೆ, ಒಂದು ಟೀ ಚಮಚ, ಅಂದರೆ 5 ಮಿಲಿ, ಸೇರಿಸಿದರೆ 37ರ ಹತ್ತಿರಕ್ಕೆ. ಮೊದಲ ಹಂತದಲ್ಲಿ ನಿಲ್ಲಿಸಿ ಎರಡು ನಿಮಿಷ ಬಿಟ್ಟು ಮೂಸಿ, ಗುಟುಕರಿಸಿ, ಆಮೇಲೆ ಎರಡನೆಯ ಹಂತಕ್ಕೆ ಹೋಗಿ. ಈ ವಿಸ್ಕಿಯ ಮಟ್ಟಿಗೆ ನನ್ನ ಆಯ್ಕೆ 40ರ ಆಸುಪಾಸು. 35ರ ಕೆಳಗೆ ಅದರ ಎಣ್ಣೆಯಂಥ ಮೈ ಒಡೆದು ಬೂದಿಯ ಕಹಿ ಮಾತ್ರ ಉಳಿಯುತ್ತದೆ. ಪೀಪಾಯಿಯ ಬಲದಲ್ಲೇ ಬಾಟಲಿ ತುಂಬಿದ ಶೇ 57ರಂಥ ವಿಸ್ಕಿಯಾದರೆ ಲೆಕ್ಕ ಬೇರೆ: 30 ಮಿಲಿಗೆ 10 ಮಿಲಿ ನೀರು ಸೇರಿದಾಗಲಷ್ಟೇ ಅದು 43ಕ್ಕೆ ಬರುತ್ತದೆ. ಬೋರ್‌ವೆಲ್ ನೀರು ಬೇಡ, ಅದರ ಗಡಸುತನ ನಾಲಿಗೆಗೆ ತಿಳಿಯುತ್ತದೆ; ಖನಿಜಾಂಶ ಕಡಿಮೆಯಿರುವ, ಕ್ಲೋರಿನ್ ವಾಸನೆಯಿಲ್ಲದ ನೀರು ಯಾವುದಾದರೂ ಆದೀತು.

ಕಡಲಿನ ಉಪ್ಪು ಎಂಬ ಮಾತು

ಕಡಲ ಗಾಳಿ ಪೀಪಾಯಿಯ ಸಂದುಗಳಲ್ಲಿ ನುಸುಳಿ ವಿಸ್ಕಿಗೆ ಉಪ್ಪು ಬೆರೆಸುತ್ತದೆ ಎಂಬ ವರ್ಣನೆ ಕೇಳಲು ಸೊಗಸಾಗಿದೆ. ಆದರೆ ವಿಸ್ಕಿಯಲ್ಲಿರುವ ಸೋಡಿಯಂ ನಾಲಿಗೆಗೆ ಉಪ್ಪೆನಿಸುವಷ್ಟು ಇರುವುದಿಲ್ಲ, ಮತ್ತು ಕಡಲ ಗುಣಕ್ಕೆ ಹೆಸರಾದ ಐಲಾದ ಕಾಲ್ ಈಲಾ ಡಿಸ್ಟಿಲರಿಯ ಬಹುಪಾಲು ವಿಸ್ಕಿ ಮಾಗುವುದು ದ್ವೀಪದಲ್ಲಲ್ಲ, ಮುಖ್ಯಭೂಮಿಯ ಗೋದಾಮುಗಳಲ್ಲಿ. ಉಪ್ಪೆಂದು ನಮಗೆ ಅನಿಸುವುದು ಬಹುಮಟ್ಟಿಗೆ ಫೀನಾಲ್, ಕ್ರೆಸಾಲ್‌ಗಳ ಔಷಧ ವಾಸನೆ ಕಡಲ ಪಾಚಿಯನ್ನು ನೆನಪಿಸುವುದರಿಂದ ಎಂಬುದು ನನ್ನ ಎಣಿಕೆ. ಹೀಗೆಂದು ಟಿಪ್ಪಣಿಯಲ್ಲಿ ‘ಉಪ್ಪು’ ಎಂದು ಬರೆಯಲು ಹಿಂಜರಿಯಬೇಕಾಗಿಲ್ಲ. ಅನುಭವ ನಿಜ, ಅದರ ಕಾರಣದ ಕಥೆಯನ್ನಷ್ಟೇ ಅನುಮಾನದಿಂದ ನೋಡಬೇಕು.

ವಯಸ್ಸನ್ನು ಗುರುತಿಸಲು ಎರಡು ಗ್ಲಾಸ್

ಒಂದೇ ವಿಸ್ಕಿಯನ್ನು ಕುಡಿಯುತ್ತಾ ವಯಸ್ಸು ಏನು ಮಾಡಿತೆಂದು ಹೇಳುವುದು ಕಷ್ಟ. ಸಾಧ್ಯವಾದರೆ ಇದೇ ಡಿಸ್ಟಿಲರಿಯ 8 ವರ್ಷದ್ದನ್ನು, ಇನ್ನೂರನೆಯ ವರ್ಷದ ನೆನಪಿಗೆ 2016ರಲ್ಲಿ ಹೊರತಂದದ್ದನ್ನು, ಪಕ್ಕದಲ್ಲಿಡಿ. ಅದರ ಮದ್ಯಸಾರ ಶೇ 48. ಹಾಗೆಯೇ ಹೋಲಿಸಿದರೆ ಬಲದ ವ್ಯತ್ಯಾಸವನ್ನೇ ವಯಸ್ಸಿನ ವ್ಯತ್ಯಾಸವೆಂದು ತಿಳಿಯುವ ಅಪಾಯವಿದೆ, ಆದ್ದರಿಂದ ಅದರ 30 ಮಿಲಿಗೆ ಮೂರೂವರೆ ಮಿಲಿ ನೀರು ಸೇರಿಸಿ ಎರಡನ್ನೂ 43ಕ್ಕೆ ತನ್ನಿ. ಎರಡೂ ಸೇರಿ ಒಂದು ಪೂರ್ತಿ ಪೆಗ್ ಆಗುವುದರಿಂದ ಪ್ರತಿಯೊಂದನ್ನೂ ಅರ್ಧಕ್ಕಿಳಿಸಿದರೂ ನಡೆಯುತ್ತದೆ. ಮನೆಗೆ ಗಾಡಿ ಓಡಿಸಿಕೊಂಡು ಹೋಗಬೇಕಾದವರು ಈ ಕಾರ್ಯಕ್ರಮಕ್ಕೆ ಕೂರಲೇಬಾರದು. ಎಂಟರಲ್ಲಿ ಹೊಗೆ ಚೂಪಾಗಿ, ನಿಂಬೆ ಮತ್ತು ಹಸಿ ಮಾಲ್ಟ್‌ನ ಜೊತೆ ಬರುತ್ತದೆ. ಹದಿನಾರರಲ್ಲಿ ಅದೇ ಹೊಗೆಯ ಅಂಚು ದುಂಡಗಾಗಿ, ಒಣಹಣ್ಣು ಮತ್ತು ಮರದ ಒಗರಿನೊಳಗೆ ಬೆರೆತಿರುತ್ತದೆ. ಎರಡೂ ಗ್ಲಾಸುಗಳನ್ನು ತೊಳೆಯದೆ ಮುಚ್ಚಿಟ್ಟು ಮರುದಿನ ಬೆಳಿಗ್ಗೆ ಮೂಸಿದರೆ ಇನ್ನೊಂದು ಪಾಠ ಸಿಗುತ್ತದೆ: ಹಗುರ ಪರಿಮಳಗಳೆಲ್ಲ ಹಾರಿಹೋಗಿ ಭಾರವಾದ ಫೀನಾಲ್‌ಗಳು ಮಾತ್ರ ತಳದಲ್ಲಿ ಉಳಿದಿರುತ್ತವೆ.

ವಯಸ್ಸಿನ ಇದೇ ಲೆಕ್ಕವನ್ನು ಬೆಂಗಳೂರಿನ ಅಮೃತ್ ಪೀಟೆಡ್ ಎಂಬ ಹೊಗೆ ವಿಸ್ಕಿಗೆ ಅನ್ವಯಿಸಬೇಡಿ. ಅದರ ಹೊಗೆ ಹಿಡಿದ ಬಾರ್ಲಿ ಸ್ಕಾಟ್ಲೆಂಡಿನಿಂದಲೇ ಬರುತ್ತದೆ, ಆದರೆ ಪೀಪಾಯಿ ಕೂರುವುದು ನಮ್ಮ ಬಿಸಿಲಿನಲ್ಲಿ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ 2ರಷ್ಟು ವಿಸ್ಕಿ ಪೀಪಾಯಿಯಿಂದ ಆವಿಯಾದರೆ ಬೆಂಗಳೂರಿನಲ್ಲಿ ಅದು ಶೇ 10ರಷ್ಟು ಅಥವಾ ಅದಕ್ಕೂ ಹೆಚ್ಚು. ಹದಿನಾರು ವರ್ಷ ಬಿಟ್ಟರೆ ಅಲ್ಲಿ ಪೀಪಾಯಿಯ ಮುಕ್ಕಾಲಿಗೆ ತುಸು ಕಡಿಮೆ ಉಳಿಯುತ್ತದೆ, ಇಲ್ಲಿ ಐದನೇ ಒಂದು ಭಾಗವೂ ಉಳಿಯುವುದಿಲ್ಲ. ಇಲ್ಲಿ ಮರದ ಗುಣ ವಿಸ್ಕಿಯೊಳಗೆ ಬೇಗ ಇಳಿಯುತ್ತದೆ, ಆದರೆ ಹೊಗೆ ಸವೆದು ದುಂಡಗಾಗಲು ಬೇಕಾದ ದೀರ್ಘ ಕಾಲ ಸಿಗುವುದಿಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಯಾವುದು ಹಿರಿದೆಂದು ಕೇಳುವುದರಲ್ಲಿ ಅರ್ಥವಿಲ್ಲ. ಅಮೃತ್‌ನಲ್ಲಿ ಹುಡುಕಬೇಕಾದದ್ದು ಎಳೆಯ ಹೊಗೆ ಮತ್ತು ಗಾಢ ಮರ ಎದುರುಬದುರಾಗುವ ಬಗೆಯನ್ನು.

ಉಳಿದ ಬಾಟಲಿ

ವಿಸ್ಕಿ ಬಾಟಲಿಯನ್ನು ವೈನ್‌ನಂತೆ ಮಲಗಿಸಬಾರದು; ಗಟ್ಟಿ ಮದ್ಯಸಾರ ಕಾರ್ಕನ್ನು ತಿನ್ನುತ್ತದೆ. ನೆಟ್ಟಗೆ, ಬಿಸಿಲು ಬೀಳದ ಕಪಾಟಿನಲ್ಲಿ, ಅಡುಗೆಮನೆಯಿಂದ ದೂರ ಇಡಿ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿಯ ಪಾಲು ಹೆಚ್ಚಿ, ತಿಂಗಳುಗಳು ಕಳೆದಂತೆ ಮೊದಲು ಮಂಕಾಗುವುದು ಹೊಗೆಯ ಚೂಪು. ಕಾಲು ಭಾಗಕ್ಕೆ ಬಂದ ಮೇಲೆ ಬೇಗ ಮುಗಿಸುವ ಉದ್ದೇಶವಿಲ್ಲದಿದ್ದರೆ ಚೆನ್ನಾಗಿ ತೊಳೆದು ಒಣಗಿಸಿದ ಚಿಕ್ಕ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ, ಬಿರಡೆ ಬಿಗಿದು, ತೆರೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿಡಿ.